ಇಬ್ಬರ ಕೆಲಸಕ್ಕೆ ಮೂರನೆಯವಳು

ನನ್ನ ಗೆಳತಿ ನನಗೆ ಸಿಕ್ಕಿದ್ದು ನಮ್ಮ ಸೊಸೈಟಿಯ ಮೆಟ್ಟಿಲ ಮೇಲೆ. ಡೊಂಬಿವಲಿ ಪೂರ್ವದಲ್ಲಿ ನಾವು ಮನೆ ಕೊಂಡ ಹೊಸತು. ಅವತ್ತು ಲಿಫ್ಟು ಕೆಟ್ಟಿತ್ತು. ಎರಡೂ ಕೈಯಲ್ಲಿ ಕಿರಾಣಿ ಚೀಲ ಹಿಡಿದು ಹತ್ತುತ್ತಿದ್ದವಳು ಅರ್ಧಕ್ಕೆ ನಿಂತು, "ಯಪ್ಪಾ ಶಿವನೇ, ಇನ್ನೂ ಎಷ್ಟ್ ಅದಾವೋ" ಎಂದು ನನ್ನಷ್ಟಕ್ಕೆ ಅಂದುಕೊಂಡೆ. ಮೇಲಿನಿಂದ ಒಬ್ಬ ಹೆಂಗಸು ಬಗ್ಗಿ ನೋಡಿ, "ಇನ್ನು ಎರಡು ಮಾಳಿಗೆ ಉಂಟು. ನಿಧಾನ ಬನ್ನಿ" ಎಂದಳು. ಹಾಗೆಂದು ಸುಮ್ಮನಿರಲಿಲ್ಲ, ಇಳಿದು ಬಂದು ಒಂದು ಚೀಲ ಕಸಿದುಕೊಂಡು ಮುಂದೆ ನಡೆದಳು. ನನ್ನ ಬಾಗಿಲವರೆಗೆ ಬಂದವಳು ಚಹಾ ಕುಡಿದೇ ಹೋದಳು.

ಅವಳು ಉಡುಪಿ ಕಡೆಯವಳು. ಗಂಡ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ನಾನು ವಿಜಯಪುರದ ಕಡೆಯವಳು. ನನ್ನ ಗಂಡ ನವಿ ಮುಂಬಯಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ. ಗಂಡ ಮನೆಗೆ ಬಂದ ಮೇಲೆ ಟಿವಿ ಬಿಟ್ಟರೆ ಯಾರ ಜೊತೆಗೂ ಮಾತಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಊರಿನಲ್ಲಿ ನಾನು ಮರಾಠಿ ಕಲಿತೆ, ಹಿಂದಿ ಕಲಿತೆ, ಸಾಲಿನಲ್ಲಿ ನಿಲ್ಲುವುದು, ನುಗ್ಗುವುದು, ಜಗಳಾಡುವುದು ಎಲ್ಲ ಕಲಿತೆ. ಆದರೆ ಮಧ್ಯಾಹ್ನ ಬಾಗಿಲು ತಟ್ಟಿ ಕೇಳದೇ ಒಳಗೆ ಬಂದು ಕೂಡುವಂಥ ಒಬ್ಬರು ನನಗೆ ಇರಲಿಲ್ಲ. ಅವಳು ಬಂದ ಮೇಲೆ ಇದ್ದಳು.

ನಮ್ಮಿಬ್ಬರ ಕನ್ನಡ ಒಂದೇ ಅಲ್ಲ. ನಾನು "ಏನ್ ಮಾಡಾಕತ್ತಿ?" ಎಂದರೆ ಅವಳು ಅದನ್ನೇ ನನ್ನ ದನಿಯಲ್ಲಿ ಹೇಳಿ ನಗುತ್ತಿದ್ದಳು. ಅವಳು "ಎಂಥದು ಮಾರಾಯ್ತಿ" ಎಂದರೆ ನಾನು ನಗುತ್ತಿದ್ದೆ. ನನ್ನ ಶೇಂಗಾ ಚಟ್ನಿ ಅವಳಿಗೆ ಜೀವ. ಬರುವಾಗಲೇ ಚಮಚ ಎಲ್ಲಿದೆ ಎಂದು ಹುಡುಕುತ್ತ ಬರುತ್ತಿದ್ದಳು.

ವ್ಯಾಪಾರ ಮಾಡಬೇಕೆಂದು ನಾವು ಕೂತು ಯೋಚಿಸಿದವರಲ್ಲ. ಅವಳ ಚಿಕ್ಕಮ್ಮನ ಮಗಳು ನವಿ ಮುಂಬಯಿಯಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದಳು. ಬಿಲ್ಡರ್ ಚಾವಿ ಕೊಟ್ಟಿದ್ದ, ಗೃಹಪ್ರವೇಶ ಹತ್ತಿರ ಬಂದಿತ್ತು, ಮನೆ ಮಾತ್ರ ಕಾಲಿಡಲು ಆಗದಂತಿತ್ತು. ನೆಲದ ತುಂಬ ಬಣ್ಣದ ಹನಿ, ಕಿಟಕಿಯ ಸಂದಿನಲ್ಲಿ ಸಿಮೆಂಟು, ಬಚ್ಚಲ ಟೈಲಿನ ಮೇಲೆ ಬಿಳಿ ಪುಡಿ. "ಕೆಲಸದವರು ಸಿಗುವುದಿಲ್ಲವಂತೆ. ನಾವೇ ಹೋಗುವನಾ?" ಎಂದಳು. ನನಗೆ ಅವಳ ಜೊತೆ ಎಲ್ಲಿಗಾದರೂ ಹೋದರಾಯಿತು. ಹಳೇ ಸೀರೆ ಹರಿದು ಬಟ್ಟೆ ಮಾಡಿಕೊಂಡು, ಬ್ಲೇಡು, ಸವೆದ ಹಲ್ಲುಜ್ಜುವ ಬ್ರಶ್ಶು, ಬಕೆಟ್ಟು ತೆಗೆದುಕೊಂಡು ಹೋದೆವು.

ಬೆಳಗ್ಗೆ ಶುರು ಮಾಡಿ ಸಂಜೆಯ ತನಕ ಕೂತಲ್ಲೇ ಸರಿಯುತ್ತ ನೆಲ ಕೆರೆದೆವು. ಕಿಟಕಿ ಸರಿಯುವ ಆ ಕಿರಿದಾದ ಕಾಲುವೆ ಇದೆಯಲ್ಲ, ಅದನ್ನು ಚಾನೆಲ್ ಅನ್ನುತ್ತಾರೆ, ಅದರೊಳಗಿನ ಮಣ್ಣನ್ನು ನಾನು ಬ್ರಶ್ಶಿನಿಂದ ಎಬ್ಬಿಸಿ, ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ತೆಗೆಯುವುದನ್ನು ಅವಳಿಗೆ ತೋರಿಸಿದೆ. ನಮ್ಮವ್ವ ದೇವರ ಪಾತ್ರೆಯ ಕೆತ್ತನೆ ತಿಕ್ಕುತ್ತಿದ್ದುದು ಹಾಗೆಯೇ. ಕೊನೆಗೆ ಒರೆಸಿ ಎದ್ದು ನಿಂತಾಗ ಕಿಟಕಿಯ ಬೆಳಕು ನೆಲದ ಮೇಲೆ ಹರಿದು ನಮ್ಮಿಬ್ಬರ ಕಾಲಿನ ತನಕ ಬಂತು. ಎದುರು ಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ನಿಂತು ನೋಡಿ, ನೀವು ಯಾವ ಕಂಪನಿಯವರು ಎಂದು ಕೇಳಿದಳು. ನನ್ನ ಗೆಳತಿ ಸೊಂಟದ ಸೆರಗು ಬಿಚ್ಚದೇ, "ಆಮ್ಚೀಚ್ ಆಹೆ," ನಮ್ಮದೇ ಕಂಪನಿ, ಎಂದುಬಿಟ್ಟಳು. ಮರುದಿನ ಆ ಮನೆಯನ್ನೂ ಮಾಡಿದೆವು.

ಹಿಂದಿರುಗುವ ರೈಲಿನಲ್ಲಿ ಅವಳು, "ಮಾಡುವನಾ?" ಎಂದಳು.

"ಮಾಡೂಣು," ಎಂದೆ. ಅಷ್ಟೇ.

ಮನೆಯಲ್ಲಿ ಗಂಡ, "ಮಂದಿ ಮನಿ ಕಸಾ ಹೊಡಿಯಾಕ ಹೋಗ್ತಿ ಏನು? ಊರಾಗ ಗೊತ್ತಾದ್ರ ಏನಂದಾರು?" ಎಂದರು. ಮಗಳು ನಕ್ಕು, "ಮಮ್ಮೀ ಕಾ ಸ್ಟಾರ್ಟಪ್" ಎನ್ನುತ್ತ ಫೋನಿನಲ್ಲೇ ಒಂದು ಚೆಂದದ ಜಾಹೀರಾತು ಮಾಡಿಕೊಟ್ಟಳು. ಅದನ್ನು ಸೊಸೈಟಿಯ ಗ್ರೂಪಿನಲ್ಲಿ ಹಾಕಿದೆವು. ಮನೆ ಬ್ರೋಕರ್‌ಗಳಿಗೆ ಕಳಿಸಿದೆವು. ಹೊಸ ಮನೆಗೆ ಹೋಗುವವರು, ಬಾಡಿಗೆಯವರು ಬಿಟ್ಟುಹೋದ ಮನೆಯವರು ಕರೆಯತೊಡಗಿದರು.

ಆ ಮೊದಲ ದಿನಗಳಷ್ಟು ಸಂತೋಷ ನನಗೆ ಮದುವೆಯ ಮನೆಯಲ್ಲೂ ಆಗಿರಲಿಲ್ಲ. ಬೆನ್ನು ನೋಯುತ್ತಿತ್ತು, ಬೆರಳ ಸಂದಿ ಸೀಳುತ್ತಿತ್ತು, ಆದರೂ ಬೆಳಗ್ಗೆ ಎದ್ದರೆ ಇವತ್ತು ಯಾವ ಮನೆ ಎನ್ನುವ ಹುರುಪು. ಠಾಣೆಯ ವರ್ತಕ ನಗರದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ನಮ್ಮನ್ನು ಮೊದಲು "ಮೌಶಿ" ಎಂದು ಮನೆಗೆಲಸದವರಂತೆ ಕರೆದರು, ನಾವು ಯಾವ ಕೋಣೆಗೆ ಹೋದರೂ ಹಿಂದೆಯೇ ಬಂದು ನಿಲ್ಲುತ್ತಿದ್ದರು. ನಾನು ಒರೆಸುತ್ತ ಒರೆಸುತ್ತ, "ಈಕಿ ನಮ್ಮತ್ತಿ ಅಕ್ಕನ ಇರಬೇಕು ನೋಡು" ಎಂದೆ. ಗೆಳತಿ ಸ್ಟೂಲಿನ ಮೇಲಿದ್ದಳು, ಫ್ಯಾನು ಹಿಡಿದುಕೊಂಡೇ ನಕ್ಕು ಬೀಳುವುದರಲ್ಲಿದ್ದಳು. ಶಿಕ್ಷಕಿ, ಏನಾಯಿತು ಎಂದು ಮರಾಠಿಯಲ್ಲಿ ಕೇಳಿದರು. "ಫ್ಯಾನಿನಲ್ಲಿ ಹಲ್ಲಿ," ಎಂದಳು ಇವಳು. ಪರರ ಮನೆಯ ನಡುವೆ ನಿಂತು ನಾವಿಬ್ಬರೇ ಒಳಗಿರುವ ಇನ್ನೊಂದು ಕೋಣೆ ನಮಗಿತ್ತು. ಅದಕ್ಕೆ ಬಾಗಿಲು ಕನ್ನಡ. ಅದರ ಚಾವಿ ನಮ್ಮಿಬ್ಬರ ಹತ್ತಿರ ಮಾತ್ರ ಇದೆ ಎಂದು ನಾನು ತಿಳಿದಿದ್ದೆ.

ದೀಪಾವಳಿ ಹತ್ತಿರ ಬಂದಂತೆ ಕೆಲಸ ಕೈಮೀರಿತು. ಅವಳ ಸೊಂಟ ಹಿಡಿದುಕೊಂಡಿತು. ಒಂದು ದಿನ, "ನಮ್ಮ ಕಡೆಯವಳು ಒಬ್ಬಳು ಬದಲಾಪುರದಲ್ಲಿ ಇದ್ದಾಳೆ. ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ತಿದ್ದಳು. ಈಗ ಮನೆಯಲ್ಲೇ. ಕರೆಯುವನಾ?" ಎಂದಳು. ನಾನು ಬೇಡವೆನ್ನಲು ಕಾರಣವಿರಲಿಲ್ಲ. "ಕರಿ, ಅದಕ್ಕೇನು," ಎಂದೆ.

ಬದಲಾಪುರದವಳು ಮೊದಲ ಸಲ ಬಂದದ್ದು ಕಲ್ಯಾಣದ ಒಂದು ಮನೆಗೆ. ನಮ್ಮಿಬ್ಬರಿಗಿಂತ ಚಿಕ್ಕವಳು, ಎತ್ತರದ ಹೆಣ್ಣು. ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿ, ನೀರನ್ನೂ ಧೂಳನ್ನೂ ಎಳೆಯುವ ಒಂದು ಹಳೇ ಯಂತ್ರವನ್ನು ರಿಕ್ಷಾದಿಂದ ಇಳಿಸಿಕೊಂಡು ಬಂದಳು. ನನಗೆ, "ನಮಸ್ಕಾರ ಅಕ್ಕ" ಎಂದು ಕನ್ನಡದಲ್ಲಿ ಹೇಳಿದಳು. ಆಮೇಲೆ ನನ್ನ ಗೆಳತಿಯತ್ತ ತಿರುಗಿ ತುಳುವಿನಲ್ಲಿ ಏನೋ ಕೇಳಿದಳು. ಇವಳು ಉತ್ತರ ಕೊಟ್ಟಳು. ಅವಳು ಇನ್ನೇನೋ ಕೇಳಿದಳು. ಇಬ್ಬರ ತವರೂರಿಗೂ ನಡುವೆ ಒಂದು ಹೊಳೆ ಮಾತ್ರ ಎಂದು ಗೊತ್ತಾದದ್ದೇ ತಡ, ನನ್ನ ಗೆಳತಿ ಕೈ ತಟ್ಟಿ ನಕ್ಕಳು.

ಆ ನಗು ನಾನು ಕೇಳಿದ್ದಲ್ಲ. ಅಷ್ಟು ದಿನ ನನ್ನೊಂದಿಗೆ ನಕ್ಕದ್ದೆಲ್ಲ ಗಂಟಲಿನಿಂದ, ಇದು ಹೊಟ್ಟೆಯಿಂದ ಬಂದಿತ್ತು. ಮಾತೂ ಬೇರೆ. ಅವಳು ಅಷ್ಟು ಬೇಗ ಮಾತನಾಡುತ್ತಾಳೆ, ಮಾತಿನ ನಡುವೆ ಕೈ ಹಾಗೆ ತಿರುಗಿಸುತ್ತಾಳೆ ಎನ್ನುವುದು ನನಗೆ ತಿಳಿದಿರಲಿಲ್ಲ. ನನ್ನ ಜೊತೆ ಅವಳು ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಮಾತನಾಡುತ್ತಿದ್ದಳು. ಇದು ಅವಳ ತಾಯಿಯ ಭಾಷೆ. ನಾನು ಬಚ್ಚಲಿಗೆ ಹೋಗಿ ನಲ್ಲಿಯ ಮೇಲಿನ ಉಪ್ಪಿನ ಕರೆ ತಿಕ್ಕತೊಡಗಿದೆ. ಅದು ಹೋದ ಮೇಲೂ ತಿಕ್ಕಿದೆ.

ಆಮೇಲೆ ದಿನವೂ ಏನಾದರೊಂದು ಚುಚ್ಚುತ್ತಿತ್ತು. ಬದಲಾಪುರದಿಂದ ಬರುವ ರೈಲಿನಲ್ಲಿ ಅವಳು ಮೊದಲೇ ಹತ್ತಿರುತ್ತಿದ್ದಳು. ಡೊಂಬಿವಲಿಯಲ್ಲಿ ನಾವು ಹೆಂಗಸರ ಡಬ್ಬಿಗೆ ನುಗ್ಗಿ ಉಸಿರು ತೆಗೆಯುವಷ್ಟರಲ್ಲಿ, "ಬಲೆ, ಮುಲ್ಪ ಕುಲ್ಲುಲೆ" ಎಂದು ಕರೆದು ಮೂವರ ಬೆಂಚಿನಲ್ಲಿ ತನ್ನ ಪಕ್ಕ ನಾಲ್ಕನೆಯವಳಾಗಿ ನನ್ನ ಗೆಳತಿಯನ್ನು ಕೂರಿಸುತ್ತಿದ್ದಳು. ಅರ್ಧ ಕುಂಡೆ ಊರುವಷ್ಟು ಜಾಗ. ಸೊಂಟ ನೋವಿನವಳಿಗೆ ಅದಾದರೂ ಸಿಗಲಿ ಎಂದು ನಾನೇ ಹೇಳಬೇಕಿತ್ತು, ಆದರೆ ಮೊದಲು ಹೇಳಿದವಳು ಅವಳು. ನಾನು ಕಂಬ ಹಿಡಿದು ನಿಂತು, ಇಬ್ಬರ ತಲೆಯ ಮೇಲಿನ ಬೈತಲೆ ನೋಡುತ್ತ ಠಾಣೆಯವರೆಗೆ ಹೋಗುತ್ತಿದ್ದೆ. ಬಕೆಟ್ಟು ನನ್ನ ಕಾಲ ನಡುವೆ.

ಊಟಕ್ಕೆ ಕೂತರೆ ಅವಳ ಡಬ್ಬಿಯಲ್ಲಿ ಪತ್ರೊಡೆ, ನೀರುದೋಸೆ. ನನ್ನ ಗೆಳತಿ ಪತ್ರೊಡೆ ಬಾಯಿಗಿಟ್ಟು ಕಣ್ಣು ಮುಚ್ಚುವುದನ್ನು ನೋಡಿ ನಾನು ನನ್ನ ರೊಟ್ಟಿ ಮುರಿದು ಮುರಿದು ಡಬ್ಬಿಯಲ್ಲೇ ಇಡುತ್ತಿದ್ದೆ. ಒಂದು ದಿನ ಚಟ್ನಿಯ ಬಾಟಲಿ ಗೆಳತಿಯ ಮುಂದೆ ಸರಿಸಿದೆ. ಅವಳು, "ಯಾವು, ಯಾವು" ಎಂದಳು. ನಾನು ಯಾವುದು ಬೇಕೆಂದು ಕೇಳುತ್ತಿದ್ದಾಳೆ ಅಂದುಕೊಂಡು, "ಶೇಂಗಾದ್ದ, ನಿನಗ ಇಷ್ಟ ಆಗೋದು" ಎಂದೆ. ಇಬ್ಬರೂ ನಕ್ಕರು. "ಯಾವು ಅಂದ್ರೆ ಸಾಕು ಅಂತ ಮಾರಾಯ್ತಿ. ಮಾತಿನ ಭರದಲ್ಲಿ ತುಳು ಬಂದುಬಿಟ್ಟಿತು," ಎಂದಳು ಗೆಳತಿ. ನಾನೂ ನಕ್ಕೆ. ಸಾಕು ಎನ್ನುವ ಮಾತು ನನ್ನ ಚಟ್ನಿಗೆ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಹಾಗಂತ ಬದಲಾಪುರದವಳಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಕೆಲಸದಲ್ಲಿ ಚುರುಕು. ನನಗೆ ಅಕ್ಕ ಅನ್ನದೇ ಮಾತನಾಡಿಸಿದವಳಲ್ಲ. ನನ್ನ ಕೈಯ ಭಾರ ತಾನೇ ಇಸಿದುಕೊಳ್ಳುವಳು. ಅದರಿಂದ ನನ್ನ ಸಂಕಟ ಹೆಚ್ಚಾಗುತ್ತಿತ್ತು. ಕೆಟ್ಟವಳಾಗಿದ್ದರೆ ಗೆಳತಿಯ ಮುಂದೆ ಹೇಳಿಕೊಳ್ಳಬಹುದಿತ್ತು. ರಾತ್ರಿ ಗಂಡನ ಮುಂದೆ ಹೇಳಿಕೊಂಡರೆ ಅವರು, "ಆಕಿ ನಿನಗೇನ್ ಮಾಡ್ಯಾಳ?" ಎಂದು ಕೇಳಿ ಮಗ್ಗುಲಾದರು.

ನಾನು ತುಳು ಕಲಿಯಲು ಹೊರಟೆ. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂಡುವ ಮುದುಕರು ಆ ಕಡೆಯವರು. ಪಾರ್ಸೆಲ್ಲಿಗೆ ಕಾಯುವ ನೆಪದಲ್ಲಿ, ಬಾ ಅನ್ನುವುದಕ್ಕೇನು, ನೋಡು ಅನ್ನುವುದಕ್ಕೇನು ಎಂದು ಕೇಳುತ್ತಿದ್ದೆ. ಅವರು ಖುಷಿಯಿಂದ ಹೇಳುತ್ತಿದ್ದರು. "ಯಾಕಮ್ಮ, ಮಗಳಿಗೆ ನಮ್ಮ ಕಡೆಯ ಗಂಡು ನೋಡಿದ್ದೀರಾ?" ಎಂದು ಕೇಳಿದರು. ಹೌದೆಂದುಬಿಟ್ಟೆ. ಅವತ್ತಿನಿಂದ ಹುಡುಗ ಏನು ಮಾಡುತ್ತಾನೆ ಎಂದು ಕೇಳತೊಡಗಿದರು. ಇಲ್ಲದ ಅಳಿಯನಿಗೆ ನಾನು ಕೆಲಸ, ಊರು, ಅಣ್ಣತಮ್ಮಂದಿರು ಎಲ್ಲರನ್ನೂ ಕೊಡಬೇಕಾಯಿತು.

ಅಷ್ಟಿಷ್ಟು ತಿಳಿಯತೊಡಗಿದ ಮೇಲೆ ಕಿವಿಗೆ ಬಿಡುವಿಲ್ಲದಾಯಿತು. ಗೆಳತಿಯೂ ಬದಲಾಪುರದವಳೂ ಪಕ್ಕದ ಕೋಣೆಯಲ್ಲಿ ಮಾತನಾಡುತ್ತಿದ್ದರೆ ನಾನು ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ಪೊಕ್ಕಡೆ. ನಾನು ಕೋಣೆಗೆ ಕಾಲಿಡುವಾಗ ಬದಲಾಪುರದವಳು ಪೊಕ್ಕಡೆ ಎಂದಳು, ಗೆಳತಿ ತಲೆಯಾಡಿಸಿದಳು, ನನ್ನನ್ನು ನೋಡಿ ಇಬ್ಬರೂ ಸುಮ್ಮನಾದರು. ಸಂಜೆ ಗಲ್ಲೆಯ ಮುದುಕರನ್ನು ಕೇಳಿದೆ.

"ಪೊಕ್ಕಡೆ ಅಂದ್ರ ಏನ್ರಿ?"

"ಸುಮ್ಮನೆ ಅಂತ. ಉಪಯೋಗ ಇಲ್ಲದ್ದು. ವೇಸ್ಟ್ ಅಂತೀರಲ್ಲ, ಹಾಗೆ. ಯಾಕೆ, ಅಳಿಯ ಹೇಳಿದ್ನಾ?"

ಪಾರ್ಸೆಲ್ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅದಾದ ಮೇಲೆ ಐರೋಲಿಯಲ್ಲಿ ಒಂದು ಮನೆಯ ಕೆಲಸವಿತ್ತು. ಮನೆಯವರು ಚಾವಿ ಕೊಟ್ಟು ಹೋಗಿದ್ದರು, ನಾವು ಮೂವರೇ. ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಒಣಗಿ ಗಟ್ಟಿಯಾಗಿತ್ತು. ನಾನು ನೀರು ಚಿಮುಕಿಸಿ ನೆನೆಯಲು ಬಿಟ್ಟು ಸೊಳ್ಳೆ ಜಾಳಿಗೆ ಬಿಚ್ಚುತ್ತಿದ್ದೆ. ಒಳಗಿನಿಂದ ಬದಲಾಪುರದವಳು ನನ್ನ ಕಡೆ ನೋಡುತ್ತ ಗೆಳತಿಗೆ ಏನೋ ಹೇಳಿದಳು. ಪೊಕ್ಕಡೆ ಎನ್ನುವುದು ಸ್ಪಷ್ಟ ಕೇಳಿತು.

ಜಾಳಿಗೆ ಕೈಯಲ್ಲೇ ಹಿಡಿದು ಒಳಗೆ ಹೋದೆ. "ಯಾರವಾ ಪೊಕ್ಕಡೆ? ನಾನೇನು?"

ಇಬ್ಬರೂ ನನ್ನ ಮುಖ ನೋಡಿದರು.

"ಎಂಥ ಹೇಳ್ತಿದ್ದೀ?" ಎಂದಳು ಗೆಳತಿ.

"ನನಗ ತಿಳಿಯೂದಿಲ್ಲ ಅಂತ ತಿಳದೀರಿ? ವೇಸ್ಟ್ ಇದ್ದಾಕಿ ಜೋಡಿ ಯಾಕ ಕೆಲಸಾ ಮಾಡ್ತೀರಿ? ನನ್ನ ಮುಂದನ, ನನ್ನ ಬೆನ್ನ ಹಿಂದ ಮಾತಾಡಿದಂಗ ಮಾತಾಡ್ತೀರಿ."

ಬದಲಾಪುರದವಳು ಬಾಯಿಗೆ ಕೈ ಅಡ್ಡ ಹಿಡಿದಳು. ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. "ಅಯ್ಯೋ ಅಕ್ಕ, ನಾನು ಹೇಳಿದ್ದು ಆ ಜಾಳಿಗೆಗೆ. ಅದು ಹರಿದಿದೆ, ಹೇಗೂ ಹೊಸದು ಹಾಕಿಸ್ತಾರೆ, ಸುಮ್ಮನೆ ಯಾಕೆ ತೊಳೆಯುವುದು ಅಂತ."

ಕೈಯಲ್ಲಿದ್ದ ಜಾಳಿಗೆ ನೋಡಿದೆ. ನಡುವೆ ದೊಡ್ಡದಾಗಿ ಹರಿದಿತ್ತು. ಅವಳು ಹೇಳಿದ್ದು ನಿಜವೇ ಇರಬೇಕು. ಆದರೆ ಅವಳ ನಗು ನಿಂತಿರಲಿಲ್ಲ, ನನ್ನ ಗೆಳತಿಯ ತುಟಿಯ ತುದಿಯೂ ಅಲುಗುತ್ತಿತ್ತು. ಗದರಿಸಬೇಕಿತ್ತು ಅವಳು. ನಗಬೇಡ ಎನ್ನಬೇಕಿತ್ತು. ಫ್ಯಾನಿನಲ್ಲಿ ಹಲ್ಲಿ ಎಂದು ಸುಳ್ಳು ಹೇಳಿ ನನ್ನ ಜೊತೆ ನಕ್ಕವಳು ಈಗ ನನ್ನನ್ನು ನೋಡಿ ನಗು ತಡೆಯುತ್ತಿದ್ದಳು.

"ನೀವಿಬ್ರೂ ಮಾಡ್ಕೋರಿ," ಎಂದೆ. "ನಾ ಹೊಂಟೆ."

"ಹುಚ್ಚು ಹಿಡಿದಿದೆಯಾ ನಿನಗೆ? ಕೂತ್ಕೋ ಮಾರಾಯ್ತಿ," ಎಂದು ಗೆಳತಿ ನನ್ನ ಕೈ ಹಿಡಿದಳು. ಕೊಸರಿಕೊಂಡೆ. ಬಕೆಟ್ಟು, ಬ್ರಶ್ಶು, ಒರೆಸುವ ಬಟ್ಟೆ ಎಲ್ಲ ಅಲ್ಲೇ ಬಿಟ್ಟು ಇಳಿದು ಬಂದೆ. ಅವಳು ಹಿಂದೆ ಓಡಿ ಬರುತ್ತಾಳೆಂದು ಗೇಟಿನ ಹತ್ತಿರ ಒಂದಿಷ್ಟು ಹೊತ್ತು ನಿಂತೆ. ವಾಚ್‌ಮನ್ ರಿಕ್ಷಾ ಬೇಕಾ ಎಂದು ಕೇಳಿದ. ಮೇಲೆ ನೋಡಿದರೆ ಬಾಲ್ಕನಿಯಲ್ಲಿ ಬದಲಾಪುರದವಳು ನಾನು ನೆನೆಹಾಕಿದ ಹಿಕ್ಕೆಯನ್ನು ಕೆರೆಯುತ್ತಿದ್ದಳು.

ಸಂಜೆ ಗೆಳತಿ ನನ್ನ ಬಕೆಟ್ಟು ತೊಳೆದು ತಂದು ಬಾಗಿಲಲ್ಲಿಟ್ಟು ಬೆಲ್ ಮಾಡಿದಳು. ಬಾಗಿಲು ತೆಗೆದೆ, ಚಹಾ ಮಾಡಿಕೊಟ್ಟೆ, ನೀರಿನ ಟ್ಯಾಂಕರು ಯಾವಾಗ ಬರುತ್ತದೆ ಎಂದು ಮಾತನಾಡಿದೆ. ಅವಳು ಒಂದೆರಡು ಸಲ ವಿಷಯ ತೆಗೆಯಲು ನೋಡಿದಳು. ನಾನು ಬಿಡಲಿಲ್ಲ. ಹೋಗುವಾಗ ಅಡುಗೆ ಕಟ್ಟೆಯ ಮೇಲಿನ ಚಟ್ನಿಯ ಬಾಟಲಿ ನೋಡಿದಳು, ಕೇಳಲಿಲ್ಲ. ನಾನೂ ಕೊಡಲಿಲ್ಲ.

ಕೆಲವು ವಾರ ಮನೆಯಲ್ಲೇ ಕೂತೆ. ಗಂಡನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಬೆಳಗ್ಗೆ ಅವಳು ಬಕೆಟ್ಟು ಹಿಡಿದು ಗೇಟು ದಾಟುವುದು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನನಗೆ ಅಲ್ಲೇ ಕೆಲಸವಿರುತ್ತಿತ್ತು. ಆಮೇಲೆ ಅವರಿಬ್ಬರೂ ಒಂದೇ ಬಗೆಯ ನೀಲಿ ಟೀಶರ್ಟ್ ಮಾಡಿಸಿಕೊಂಡರು. ಅದನ್ನು ನಾನು ನೋಡಿದ್ದು ಅವಳ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ. ನನ್ನ ಫೋನಿನಿಂದ ನೋಡಿದರೆ ನೋಡಿದವರ ಹೆಸರಿನಲ್ಲಿ ನಾನು ಬರುತ್ತೇನಲ್ಲ, ಅದಕ್ಕೆ ಮಗಳ ಫೋನಿನಿಂದ ನೋಡುತ್ತಿದ್ದೆ. ಮಗಳು, "ಮಮ್ಮೀ, ಸೀಧಾ ಬಾತ್ ಕರೋ ನಾ ಉನ್ಸೇ," ನೇರ ಅವರ ಹತ್ತಿರವೇ ಮಾತಾಡು, ಎಂದಳು. ಫೋನ್ ಕಿತ್ತುಕೊಂಡು ಇನ್ನೊಮ್ಮೆ ನೋಡಿದೆ. ಫೋಟೋದಲ್ಲಿ ಗೆಳತಿಯ ಹೆಗಲ ಮೇಲೆ ಬದಲಾಪುರದವಳ ಕೈ ಇತ್ತು. ಗೆಳತಿಗಿಂತ ಎತ್ತರವಿದ್ದುದರಿಂದ ಹಾಗೆ ಕೈ ಇಡುವುದು ಅವಳಿಗೆ ಸುಲಭ. ನಾನು ಗಿಡ್ಡಿ.

ವರ್ತಕ ನಗರದ ಶಿಕ್ಷಕಿ ಫೋನ್ ಮಾಡದಿದ್ದರೆ ನಾನು ಹಾಗೇ ಉಳಿಯುತ್ತಿದ್ದೆನೋ ಏನೋ. ಅವರ ತಮ್ಮನ ಮನೆ ಸ್ವಚ್ಛ ಮಾಡಬೇಕಿತ್ತು. ನಾನು ಈಗ ಮಾಡುವುದಿಲ್ಲ, ನನ್ನ ಗೆಳತಿಗೆ ಹೇಳುತ್ತೇನೆ ಎನ್ನಲು ಬಾಯಿ ತೆರೆದವಳು, ಬರುತ್ತೇನೆ ಎಂದೆ. ನಮ್ಮ ಹಿಂದಿನ ಗಲ್ಲಿಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋದೆ. ಕೆಲಸ ಚೆನ್ನಾಗಿಯೇ ಆಯಿತು. ಹಾಗೆ ನನ್ನದೇ ಒಂದು ವ್ಯಾಪಾರ ಮತ್ತೆ ಶುರುವಾಯಿತು. ಮಗಳು ಹೊಸ ಜಾಹೀರಾತು ಮಾಡಿಕೊಟ್ಟಳು. ಆ ಹೆಂಗಸರು ಒಳ್ಳೆಯವರು, ನನ್ನನ್ನು ಮ್ಯಾಡಮ್ ಅನ್ನುತ್ತಾರೆ. ಅವರ ಜೊತೆ ನಾನು ಮರಾಠಿಯಲ್ಲಿ ಮಾತನಾಡುತ್ತೇನೆ. ಮನೆಯ ಒಡತಿಯ ಬಗ್ಗೆ ಏನಾದರೂ ಅನಿಸಿದರೆ ಹೇಳಿಕೊಳ್ಳಲು ಯಾರೂ ಇಲ್ಲ, ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಒಬ್ಬಳೇ ಅಂದುಕೊಂಡರೆ ಅದು ಅಷ್ಟು ತಮಾಷೆಯಾಗಿರುವುದಿಲ್ಲ.

ಮಳೆ ಶುರುವಾಗುವ ಮುಂಚೆ ಗೆಳತಿಯ ತಾಯಿಗೆ ಕಾಯಿಲೆಯಾಗಿ ಅವಳು ಊರಿಗೆ ಹೋದಳು. ನನಗೆ ಅದು ತಿಳಿದದ್ದು ವಾಚ್‌ಮನ್‌ನಿಂದ. ಸ್ವಲ್ಪ ದಿನಕ್ಕೆ ಬದಲಾಪುರದವಳ ಫೋನ್ ಬಂತು.

"ಅಕ್ಕ, ಕಲ್ಯಾಣದಲ್ಲಿ ಒಂದು ಮನೆ ಒಪ್ಪಿಕೊಂಡಿದ್ದೇನೆ. ಬಾಡಿಗೆಯವರು ಬಿಟ್ಟ ಮನೆ, ಬಹಳ ಕೊಳೆ ಉಂಟು. ಒಬ್ಬಳಿಂದ ಆಗುವುದಿಲ್ಲ. ಬರ್ತೀರಾ?"

ಬರುವುದಿಲ್ಲ ಎಂದು ಹೇಳುವ ಸುಖ ಬಾಯಿಯವರೆಗೆ ಬಂದಿತ್ತು. ಆದರೆ ನನ್ನ ಗೆಳತಿ ಪಕ್ಕದಲ್ಲಿಲ್ಲದಾಗ ಇವಳು ಹೇಗಿರುತ್ತಾಳೆ ಎಂದು ನೋಡಬೇಕೆನಿಸಿತು. "ಬರ್ತೀನಿ" ಎಂದೆ.

ಅಡುಗೆಮನೆಯ ಗೋಡೆಗೆ ವರ್ಷಗಳ ಒಗ್ಗರಣೆ ಅಂಟಿತ್ತು. ಬಚ್ಚಲ ಟೈಲಿನ ಮೇಲೆ ಅಲ್ಲಿದ್ದ ಹೆಂಗಸು ಸ್ನಾನಕ್ಕೆ ಮುಂಚೆ ತೆಗೆದು ಅಂಟಿಸಿದ ಬಿಂದಿಗಳು, ಕೆಂಪು, ಮರೂನು, ಹಸಿರು, ಸಾಲಾಗಿ. ನಾನು ಅವನ್ನು ಬ್ಲೇಡಿನಿಂದ ಒಂದೊಂದೇ ಎಬ್ಬಿಸಿದೆ. ಅವಳು ಹಾಲಿನಲ್ಲಿ ಯಂತ್ರ ಓಡಿಸುತ್ತಿದ್ದಳು. ಮಧ್ಯಾಹ್ನದವರೆಗೆ ಇಬ್ಬರೂ ನೀರು, ಚಾವಿ, ಸ್ಟೂಲು ಬಿಟ್ಟು ಬೇರೆ ಮಾತನಾಡಲಿಲ್ಲ. ಆಮೇಲೆ ನಾನು ಕಿಟಕಿಯ ಹತ್ತಿರ ಕೂತು ಚಾನೆಲಿನೊಳಗೆ ಬ್ರಶ್ಶು ಹಾಕಿದಾಗ ಅವಳು ಯಂತ್ರ ನಿಲ್ಲಿಸಿದಳು.

"ಅಕ್ಕ, ಈ ಬ್ರಶ್ಶು ಅವರಿಗೆ ಕಲಿಸಿದ್ದು ನೀವಾ?"

"ಯಾಕ?"

"ನಾನು ಪೈಪು ಹಾಕಿ ಎಳೆದುಬಿಡ್ತೇನೆ ಅಂದರೆ ಬಿಡುವುದಿಲ್ಲ. ಬೇಡ, ಅವಳು ಹೀಗೆ ಮಾಡ್ತಿರಲಿಲ್ಲ, ಅವಳು ಬಟ್ಟೆ ಹೀಗೆ ಸುತ್ತುತ್ತಿದ್ದಳು ಅಂತಾರೆ. ಯಾವ ಮನೆಗೆ ಹೋದರೂ ಅದೇ. ರೈಲಿನಲ್ಲಿ ಕೂತರೆ ನಿಮ್ಮ ಕಥೆ. ನಾನೇ ಕಷ್ಟಪಟ್ಟು ಶೇಂಗಾ ಚಟ್ನಿ ಮಾಡಿಕೊಂಡು ಹೋದೆ. ಬಾಯಿಗೆ ಹಾಕಿ, ಅವಳದು ಹೀಗಲ್ಲ ಅಂದರು." ಅವಳು ನನ್ನ ಕಡೆ ನೋಡಲಿಲ್ಲ, ಯಂತ್ರದ ಪೈಪು ಸುತ್ತುತ್ತಿದ್ದಳು. "ಬಿಟ್ಟು ಹೋದವರು ನೀವು. ಬದಲಾಪುರದಿಂದ ಬಂದು ಬೆನ್ನು ಮುರಿಯುವುದು ನಾನು. ಹೊಗಳಿಕೆ ಮಾತ್ರ ನಿಮಗೆ. ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ."

ಸುತ್ತಿದ ಪೈಪನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದಳು. ಆ ಮುಖ ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಅದನ್ನೇ ಹೊತ್ತುಕೊಂಡು ತಿರುಗಿದವಳು ನಾನು. ಪಾಪ ಅನಿಸಬೇಕಿತ್ತು. ನನಗಾದದ್ದು ಸಂತೋಷ. ಎದೆಯೊಳಗೆ ಯಾರೋ ಬಿಸಿ ಹಾಲು ಹೊಯ್ದಂತೆ ಇಳಿಯಿತು. ಬ್ರಶ್ಶು ಕೆಳಗಿಟ್ಟು, ಆದಷ್ಟು ಸಾದಾ ದನಿಯಲ್ಲಿ ಕೇಳಿದೆ:

"ಮತ್ತೇನಂತಾಳ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಎಲ್ಲ ಕಂಡಿರಬೇಕು.

"ಹೇಳುವುದಿಲ್ಲ," ಎಂದು ಯಂತ್ರದ ಗುಂಡಿ ಒತ್ತಿದಳು. ಅದರ ಸದ್ದಿನಲ್ಲಿ ಸಂಜೆಯವರೆಗೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಹೊರಡುವಾಗ ಮಾತ್ರ, "ದೋಸೆ ಉಳಿದಿದೆ, ತಿಂತೀರಾ?" ಎಂದು ಡಬ್ಬಿ ಮುಂದಿಟ್ಟಳು. ತಿಂದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲು ನನಗೆ ಎರಡು ದೋಸೆ ಬೇಕಾಯಿತು.

ಕಲ್ಯಾಣ ಸ್ಟೇಷನ್ನಿನಲ್ಲಿ ಅವಳು ಬದಲಾಪುರದ ರೈಲಿಗೆ ಹೋದಳು, ನಾನು ಈ ಕಡೆಯ ರೈಲು ಹತ್ತಿದೆ. ನಿಂತುಕೊಂಡೇ ಬಂದೆ. ಅವಳು ಹೇಳಿದ್ದನ್ನು ಮನಸ್ಸಿನಲ್ಲಿ ಮೊದಲಿನಿಂದ ಇನ್ನೊಮ್ಮೆ ಹೇಳಿಕೊಂಡೆ. ಡೊಂಬಿವಲಿಯಲ್ಲಿ ಇಳಿಯುವಾಗ ಯಾರೋ ಕಾಲು ತುಳಿದರೂ ಬೈಯಲಿಲ್ಲ.

ಗೆಳತಿ ಊರಿನಿಂದ ಬಂದಳು. ಬಂದ ಸುದ್ದಿ ನನಗೆ ಮೊದಲು ತಿಳಿದದ್ದು ಮತ್ತೆ ಮಗಳ ಫೋನಿನಿಂದಲೇ: ಇಬ್ಬರೂ ಬದಲಾಪುರದ ಒಂದು ಕೈಗಾಡಿಯ ಮುಂದೆ ನಿಂತು ವಡಾಪಾವ್ ತಿನ್ನುತ್ತಿದ್ದ ಫೋಟೋ. ನನ್ನ ಮನೆಯಿಂದ ಒಂದೇ ಮಾಳಿಗೆ ಮೇಲೆ ಇರುವವಳು ಮೊದಲು ಹೋದದ್ದು ಬದಲಾಪುರಕ್ಕೆ. ಕಲ್ಯಾಣದಲ್ಲಿ ಇಳಿದ ಬಿಸಿ ಹಾಲು ಅಲ್ಲಿಗೇ ಒಡೆಯಿತು. ಬದಲಾಪುರದವಳ ಯಂತ್ರ ಅಲ್ಲೇ ಇರುತ್ತದೆ, ಕೆಲಸದ ಮಾತಿರಬಹುದು, ತಾಯಿಯ ಆರೋಗ್ಯ ಕೇಳಲು ಅವಳೇ ಕರೆದಿರಬಹುದು ಎಂದೆಲ್ಲ ಹೇಳಿಕೊಂಡೆ. ಮೊಸರನ್ನಕ್ಕೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದೆ.

ಮರುದಿನ ಮಧ್ಯಾಹ್ನ ಗೆಳತಿ ಬಂದಳು. ತಾಯಿ ಎದ್ದು ಓಡಾಡುತ್ತಿದ್ದಾರಂತೆ. ಸೋಫಾದಲ್ಲಿ ಕಾಲು ಮಡಚಿ ಕೂತು ಊರಿನ ಹಪ್ಪಳದ ಕಟ್ಟು ಕೈಗಿಟ್ಟಳು. ಬೇಸಿಗೆಗೆ ಕಪ್ಪಾಗಿದ್ದಳು, ತೆಳ್ಳಗಾಗಿದ್ದಳು.

"ಅವಳು ಹೇಳಿದಳು, ನೀನು ಕಲ್ಯಾಣದ ಮನೆಗೆ ಹೋಗಿದ್ದಿಯಂತೆ."

"ಕರದ್ಲು, ಹೋದೆ."

"ಮುಂದಿನ ವಾರ ಐರೋಲಿಯಲ್ಲಿ ದೊಡ್ಡ ಕೆಲಸ ಉಂಟು. ಮೂರು ಜನ ಬೇಕು." ನನ್ನ ಕೈಯಲ್ಲಿದ್ದ ಹಪ್ಪಳದ ಕಟ್ಟಿನ ದಾರ ಎಳೆದಳು. "ಬರ್ತೀಯಾ?"

ನಾನು ಹಪ್ಪಳ ಮೂಸಿ ನೋಡಿದೆ. ಒಲೆಯ ಮೇಲಿನ ಚಹಾ ನೋಡಿ ಬಂದೆ. ನನ್ನ ಕೆಲಸ, ನನ್ನ ಹೆಂಗಸರು ಇದ್ದಾರಲ್ಲ, ನೋಡಬೇಕು ಎಂದೆ. ಬರುತ್ತೇನೆ ಎನ್ನುವುದು ಆಗಲೇ ನಿಶ್ಚಯವಾಗಿತ್ತು. ಆದರೆ ಇನ್ನೊಮ್ಮೆ ಕೇಳಲಿ ಎಂದು ಕಾದೆ.

"ಬಾ ಮಾರಾಯ್ತಿ," ಎಂದಳು.

ಹೋದೆ. ಈಗಲೂ ನನ್ನ ವ್ಯಾಪಾರ ಬೇರೆ, ಅವರದು ಬೇರೆ. ದೊಡ್ಡ ಮನೆಯಾದರೆ ಮೂವರೂ ಕೂಡುತ್ತೇವೆ. ಅವರಿಬ್ಬರೂ ತುಳುವಿನಲ್ಲಿ ಮಾತನಾಡುವಾಗ ನಾನು ಮುಕ್ಕಾಲು ಪಾಲು ತಿಳಿದುಕೊಳ್ಳುತ್ತೇನೆ. ಪೊಕ್ಕಡೆ ಒಂದೇ ಅಲ್ಲ, ಇಷ್ಟೆಲ್ಲ ತಿಳಿಯುತ್ತದೆ ಎಂದು ಅವರಿಗೆ ಹೇಳಿಲ್ಲ. ಬದಲಾಪುರದವಳಿಗೆ ಅನುಮಾನವಿದೆ. ನನ್ನ ಗೆಳತಿ ನನ್ನ ಹತ್ತಿರ ಬಂದು ಕೂತರೆ ಅವಳು ಯಂತ್ರ ಶುರು ಮಾಡುತ್ತಾಳೆ.